ಒಂದಾಳು, ಮೇಲೊಂದು ಮೊಳ

ಡಬ್ಬ ಬಡಿಯುವ ಸದ್ದು. ಸೀಮೆಎಣ್ಣೆಯ ಖಾಲಿ ಡಬ್ಬವನ್ನು ಕೋಲಿನಿಂದ ಬಡಿದಾಗ ಬರುವ, ಕಿವಿಗೂ ಹಲ್ಲಿಗೂ ಒಟ್ಟಿಗೇ ತಾಗುವ ಸದ್ದು. ಮದುವೆಯಾಗಿ ಹುದಿಕೇರಿ ಹತ್ತಿರದ ಈ ತೋಟಕ್ಕೆ ಬಂದ ಮೊದಲ ವರ್ಷ, ಸಂಜೆ ಕಾಫಿಯ ಹೊತ್ತಿಗೆ ಕೆಳಗಿನ ಗದ್ದೆಯ ಕಡೆಯಿಂದ ಅದು ಕೇಳಿಬರುತ್ತಿತ್ತು. ಮೊದಲು ಒಂದೊಂದೇ ಏಟು, ಆಮೇಲೆ ಎಡೆಬಿಡದೆ. ಅತ್ತೆ ಲೋಟದಿಂದ ತಲೆ ಎತ್ತದೆ "ಆನೆ" ಎನ್ನುತ್ತಿದ್ದರು, ಪೋಸ್ಟ್ ಬಂತು ಎನ್ನುವಷ್ಟೇ ಸಮಾಧಾನದಲ್ಲಿ. ಮಡಿಕೇರಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಒಂದು ಬೆಲ್‌ಗೆ ಪ್ರೇಯರ್, ಇನ್ನೊಂದು ಬೆಲ್‌ಗೆ ಊಟ ಎಂದು ಕಲಿತಿದ್ದೆ. ಈ ಬೆಲ್‌ಗೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ವರ್ಷದ ಕೊನೆಗೆ ಹೆರಿಗೆಗೆಂದು ಕಕ್ಕಬೆಯ ತವರಿಗೆ ಹೋದೆ. ಮಗುವನ್ನು ಎತ್ತಿಕೊಂಡು ಮರಳಿ ಬರುವಾಗ ಮಳೆ ಹಿಡಿದಿತ್ತು. ಸಂಜೆಯ ಕಾಫಿ ಮೊದಲಿನಂತೆಯೇ ಇತ್ತು, ಡಬ್ಬದ ಸದ್ದು ಇರಲಿಲ್ಲ. ಯಾಕೆ ನಿಂತಿತು ಎಂದು ನಾನು ಕೇಳಲಿಲ್ಲ. ಮಗು ಒಮ್ಮೆ ಮಲಗಿದರೆ ಸಾಕು ಎಂದು ಕಾಯುವವಳಿಗೆ ಸದ್ದಿಲ್ಲದಿರುವುದೇ ದೊಡ್ಡ ಬ್ಲೆಸಿಂಗ್. ಆ ಪ್ರಶ್ನೆಯನ್ನು ಕೇಳದೆ ಬಿಟ್ಟದ್ದಕ್ಕೆ ಐವತ್ತು ವರ್ಷಗಳ ನಂತರ ನನಗೆ ಸರಿಯಾದ ಪಾಠವಾಯಿತು.

ನಮ್ಮ ತೋಟದ ಕೆಳಗಿನ ಅಂಚಿನಲ್ಲಿ ಒಂದು ಉದ್ದನೆಯ ಕಂದಕವಿದೆ. ಎರಡೂ ಬದಿಗೆ ಜರಿಗಿಡ, ಹಾವಸೆ. ಮಧ್ಯಾಹ್ನದಲ್ಲೂ ಒಳಗೆ ತಣ್ಣಗಿನ ಹಸಿರು ಬೆಳಕು. ನಾನು ಅದನ್ನು ಮೊದಲು ನೋಡಿದ್ದು ಮಗು ಓಡಾಡುವಷ್ಟು ದೊಡ್ಡದಾದ ಮೇಲೆ. ಮಾವನ ಕ್ಲಬ್ಬಿನ ಗೆಳೆಯರು ಊಟಕ್ಕೆ ಬಂದಿದ್ದರು. ಮಾವ ಕೋಲು ತೋರಿಸುತ್ತಾ, ಇದು ಅರಸರ ಕಾಲದ ಕಡಂಗ, ನಮ್ಮ ಹಿರಿಯರು ಇದರೊಳಗೆ ನಿಂತೇ ವೈರಿಗಳನ್ನು ತಡೆದದ್ದು ಎಂದು ಹೇಳಿದರು. ಕೊಡಗಿನಲ್ಲಿ ಕಡಂಗ ಎಂದರೆ ಯಾರೂ ಎದುರಾಡುವುದಿಲ್ಲ. ಹಳೆಯ ಕಾಲದಲ್ಲಿ ಯುದ್ಧಕ್ಕೆಂದು ತೋಡಿದ ಆ ಕಂದಕಗಳು ಗುಡ್ಡ ಹತ್ತಿ ಇಳಿದು, ಈಗಲೂ ಎಷ್ಟೋ ತೋಟಗಳ ನಡುವೆ ಹಾದುಹೋಗುತ್ತವೆ. ಮಾವ ಪೈಪ್ ಕಚ್ಚಿಕೊಂಡು ಗಂಭೀರವಾಗಿ ಹೇಳಿದರು, ನಾನು ಗಂಭೀರವಾಗಿ ನಂಬಿದೆ. ಆಮೇಲೆ ಮನೆಗೆ ಬಂದ ನೆಂಟರಿಗೆ, ಮಕ್ಕಳ ಟೀಚರುಗಳಿಗೆ, ಹೊಸ ಸೊಸೆಯಂದಿರಿಗೆ, ಎಲ್ಲರಿಗೂ ತೋರಿಸಿದೆ. ಹೇಳುತ್ತಾ ಹೇಳುತ್ತಾ ಕಥೆಗೆ ನಾನೇ ಒಂದೆರಡು ಕುದುರೆಗಳನ್ನೂ ಸೇರಿಸಿದ್ದೆ ಎಂದು ಒಪ್ಪಿಕೊಳ್ಳಬೇಕು.

ಈಚೆಗೆ ನಾವು ಊರಿನ ಆರೇಳು ಹೆಂಗಸರು ಸೇರಿ ಹೆರಿಟೇಜ್ ವಾಕ್ ಒಂದನ್ನು ನಡೆಸಲು ಹೊರಟೆವು. ಎಲ್ಲರಿಗೂ ಮಂಡಿನೋವು, ಆದರೂ ವಾಕ್. ನಮ್ಮ ಸೆಕ್ರೆಟರಿ ಹೈಸ್ಕೂಲಿನ ಹಿಸ್ಟರಿ ಟೀಚರ್, ಚುರುಕಿನ ಹುಡುಗಿ, ನನ್ನನ್ನು ಆಂಟಿ ಎನ್ನುತ್ತಾಳೆ. ಹಬ್ಬಕ್ಕೆ ಊರೆಲ್ಲ ಸೇರುವ ಬಯಲಾದ ಮಂದ್‌ನಿಂದ ಹೊರಟು, ವೀರಗಲ್ಲು ನೋಡಿ, ಹಳೇ ಅಂಚೆಕಚೇರಿಯ ಮುಂದೆ ನಿಂತು, ಕೊನೆಗೆ ನಮ್ಮ ತೋಟದ ಕಡಂಗದ ಬಳಿ ಕಾಫಿ ಮತ್ತು ಅಕ್ಕಿ ಕಡುಬು ಎಂದು ಪ್ಲಾನ್ ಆಯಿತು. ಕಡಂಗದ ಬಗ್ಗೆ ಮಾತಾಡುವ ಕೆಲಸ ನನ್ನದು. ನಾನು ಎಸ್ಸೇ ಕಾಂಪಿಟಿಷನ್ನಿಗೆ ಬರೆಯುವವಳಂತೆ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಬರೆದೆ. ಪೊನ್ನಂಪೇಟೆಯ ಪೇಂಟರ್ ಒಬ್ಬರು ತಗಡಿನ ಬೋರ್ಡ್ ಮಾಡಿಕೊಟ್ಟರು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ: ಅರಸರ ಕಾಲದ ಕಡಂಗ.

ವಾಕ್‌ಗೆ ಒಂದು ವಾರ ಇರುವಾಗ ಬೋರ್ಡ್ ಎಲ್ಲಿ ನೆಡುವುದೆಂದು ನೋಡಲು ಹೋದೆ. ಕಂದಕದ ಬದಿಯ ಕಾಡುಗಿಡ ಕಡಿಯುತ್ತಾ ಒಬ್ಬಳು ಕೂತಿದ್ದಳು. ನಮ್ಮ ತೋಟದ ಲೈನಿನಲ್ಲಿ, ಎಂದರೆ ಕೆಲಸದವರ ಸಾಲುಮನೆಗಳಲ್ಲಿ, ಎಲ್ಲರಿಗಿಂತ ಹಳಬಳು ಅವಳೇ. ಮೈಸೂರು ಕಡೆಯ ಬಯಲುಸೀಮೆಯವಳು. ಎಳೆಯ ಹೆಂಡತಿಯಾಗಿ ಗಂಡನ ಜೊತೆ ಬಂದು, ಇಲ್ಲೇ ಕಾಫಿ ಪಿಕಿಂಗ್ ಮಾಡುತ್ತಾ ಮುದುಕಿಯಾದವಳು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮುಂದಿನ ತಿಂಗಳು ಹುಣಸೂರು ಕಡೆ ಇರುವ ಮಗಳ ಮನೆಗೆ ಹೋಗಿಬಿಡುವವಳಿದ್ದಳು. ಅವಳ ಮಾತಿನಲ್ಲಿ ಅಷ್ಟು ವರ್ಷಗಳಲ್ಲಿ ನಮ್ಮ "ಉಂಟು" ಸೇರಿಕೊಂಡಿತ್ತು, ಉಳಿದದ್ದೆಲ್ಲ ಅವಳ ಊರಿನದ್ದೇ.

ಬೋರ್ಡಿನಲ್ಲಿ ಏನು ಬರೆದಿದೆ ಎಂದು ಕೇಳಿದಳು. ಓದಿ ಹೇಳಿದೆ. ಅವಳು ಕತ್ತಿಯನ್ನು ನೆಲಕ್ಕಿಟ್ಟಳು.

"ಯಾವ ರಾಜ ಅಮ್ಮಾವ್ರೆ? ಇದ ಅಗ್ದಿದ್ದು ನಾವು ಕಣ್ರಮ್ಮ."

ನಾನು ನಕ್ಕೆ. ಅವಳು ನಗಲಿಲ್ಲ.

"ಆನೆ ಟ್ರೆಂಚು ಇದು. ನಂಗೆ ಮದ್ವೆ ಆಗಿ ಮೂರು ತಿಂಗ್ಳು. ಆ ಬೇಸಿಗೆ ಪೂರಾ ಅಗ್ದೋ. ರಾಜ ಬಂದಿದ್ರೆ ನಂಗೂ ಕಾಣ್ತಿದ್ದ. ಊಟದ ಹೊತ್ಗಾದ್ರೂ ಬರ್ತಿದ್ದ."

ನಾನು ಒಪ್ಪಲಿಲ್ಲ. ಹಳೆಯ ಕಡಂಗವನ್ನೇ ಇವರು ರಿಪೇರಿ ಮಾಡಿರಬೇಕು ಎಂದೆ. ಕಾನ್ವೆಂಟಿನ ಹುಡುಗಿ ಅಷ್ಟು ಬೇಗ ಸೋಲುವುದಿಲ್ಲ. ಅವಳು ಎದ್ದು ನನ್ನ ಮೊಣಕೈ ಹಿಡಿದು, ಸಿಲ್ವರ್ ಓಕ್ ಮರಗಳ ಕಡೆ ತಿರುಗಿಸಿದಳು. ಮಾವ ಯೌವನದಲ್ಲಿ ಹಗ್ಗ ಕಟ್ಟಿ ನೆಟ್ಟ ಸಾಲು ಅದು. ಕಂದಕದ ಈಚೆಗೆ ಸಾಲು, ಆಚೆಗೂ ಅದೇ ಸಾಲು, ಒಂದು ಗೆರೆಯಲ್ಲಿ, ಒಂದೇ ಅಂತರದಲ್ಲಿ. ನಡುವೆ ಕಂದಕವಿರುವ ಜಾಗದಲ್ಲಿ ಒಂದು ಮರ ಮಾತ್ರ ಇಲ್ಲ. ಆ ಮರ ಕಿತ್ತದ್ದಕ್ಕೆ ದೊಡ್ಡ ಸಾಹುಕಾರರು, ಎಂದರೆ ನಮ್ಮ ಮಾವ, ಅವಳ ಗಂಡನಿಗೆ ಎರಡು ದಿನ ಬೈದಿದ್ದರಂತೆ. ಮೊದಲು ಮರ, ಆಮೇಲೆ ಕಂದಕ. ಅರಸರು ನನ್ನ ಮಾವನ ನಂತರ ಬಂದರು ಎಂದು ಯಾವ ಹಿಸ್ಟರಿ ಪುಸ್ತಕದಲ್ಲೂ ಇಲ್ಲ.

ಆಗ ನನಗೆ ಡಬ್ಬದ ಸದ್ದು ನೆನಪಾಯಿತು. ಸದ್ದು ನಿಂತ ವರ್ಷವೂ ಅದೇ, ನಾನು ತವರಿನಲ್ಲಿದ್ದ ಬೇಸಿಗೆಯೂ ಅದೇ. ಆನೆಗಳು ಕಂದಕ ದಾಟಲಾರದೆ ಹೋದವು, ಡಬ್ಬ ಬಡಿಯುವವನಿಗೆ ಕೆಲಸ ಇಲ್ಲವಾಯಿತು, ನನ್ನ ಮಗು ನಿದ್ದೆ ಮಾಡಿತು. ಎರಡು ಮಳೆಗಾಲದ ಜರಿಗಿಡ ಮುಚ್ಚಿದ ಮೇಲೆ ನಮ್ಮ ಮಾವ ಅದಕ್ಕೊಂದು ವಂಶಾವಳಿ ಕಟ್ಟಿಕೊಟ್ಟರು. ಗೆಳೆಯರ ಮುಂದೆ ಬಿಟ್ಟ ಜೋಕನ್ನು ಸೊಸೆ ಇಷ್ಟು ವರ್ಷ ಹೊತ್ತು ತಿರುಗುತ್ತಾಳೆಂದು ಪಾಪ, ಅವರಿಗೂ ಗೊತ್ತಿರಲಿಲ್ಲ.

ಬೋರ್ಡಿನಲ್ಲಿ ನಿಮ್ಮಿಬ್ಬರ ಹೆಸರು ಬರೆಸಬೇಕೆ ಎಂದು ಕೇಳಿದೆ. ಅವಳು ಬೇಡವೆಂದು ತಲೆಯಾಡಿಸಿದಳು. ಮತ್ತೆ ಕೂತು ಕತ್ತಿ ತೆಗೆದುಕೊಂಡು, ಮುಖ ಎತ್ತದೆ ಹೇಳಿದಳು:

"ರಾಜ ಅಗ್ದ ಅಂತ ಮಾತ್ರ ಬರೀಬ್ಯಾಡಿ. ನಮ್ಮೆಜಮಾನ್ರು ಎಲ್ಲೂ ಒಂದ್ ಗೋಡೆ ಕಟ್ಲಿಲ್ಲ, ಒಂದ್ ಚೂರು ನೆಲ ಮಾಡ್ಲಿಲ್ಲ. ಈ ಗುಂಡಿ ಒಂದು ಅವ್ರದು. ನಾನೂ ಹೊಂಟೋದ್ರೆ ಹೇಳೋರು ಯಾರು?"

ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ನಾಚಿಕೆ ಒಂದು ಕಡೆ. ಇಷ್ಟು ಜನರಿಗೆ ಸುಳ್ಳು ತೋರಿಸಿದ್ದೆನಲ್ಲ ಎಂದು. ಇನ್ನೊಂದು, ನಿಜ ಹೇಳಬೇಕೆಂದರೆ, ಕಡಂಗ ನಮ್ಮ ತೋಟದಲ್ಲಿದೆ ಎಂಬ ಜಂಬ. ಆ ಎರಡು ದಿನ ಬೋರ್ಡ್ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಶಿಕ್ಷೆಗೆ ನಿಲ್ಲಿಸಿದ ಹುಡುಗಿಯ ಹಾಗೆ ಕಾಣುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಟೀಚರಿಗೆ ಫೋನ್ ಮಾಡಿದೆ. ಅವಳು ಬೇಜಾರು ಮಾಡಬೇಡಿ ಎಂದಳು.

"ಆನೆ ಟ್ರೆಂಚ್ ಎಲ್ಲರ ತೋಟದಲ್ಲೂ ಉಂಟಲ್ಲ ಆಂಟಿ. ಅದನ್ನು ಹೆರಿಟೇಜ್ ಅನ್ಲಿಕ್ಕೆ ಆಗ್ತದಾ? ಆ ಸ್ಟಾಪ್ ಬಿಟ್ಟುಬಿಡುವ. ಕಡುಬು ಬೇಕಾದ್ರೆ ಅಂಚೆಕಚೇರಿ ಹತ್ತಿರ ತಿನ್ನುವ."

ಸುಲಭದ ದಾರಿ ಅದು. ಯಾರಿಗೂ ಏನೂ ವಿವರಿಸಬೇಕಿಲ್ಲ. ಆದರೆ ಬೋರ್ಡ್ ಇಲ್ಲದಿದ್ದರೂ, ತಪ್ಪು ಬೋರ್ಡ್ ಇದ್ದರೂ, ಲೈನಿನ ಆ ಹಳಬಳ ಪಾಲಿಗೆ ಒಂದೇ. ಒಂದು ತಿಂಗಳಲ್ಲಿ ಅವಳು ಬಸ್ಸು ಹತ್ತುತ್ತಾಳೆ, ಅವಳ ಗಂಡ ಅಗೆದದ್ದು ಯಾರೂ ಅಗೆಯದ ಗುಂಡಿಯಾಗಿಬಿಡುತ್ತದೆ. ಆ ಸ್ಟಾಪ್ ಇರಲಿ, ನಾನು ನೋಡಿಕೊಳ್ಳುತ್ತೇನೆ ಎಂದೆ. ಟೀಚರ್ ಅನುಮಾನದಿಂದಲೇ ಒಪ್ಪಿದಳು. ಕಡುಬಿನ ಸಾಮಾನು ಆಗಲೇ ನಮ್ಮ ಮನೆಗೆ ಬಂದಾಗಿತ್ತು, ಅದೂ ಒಂದು ಕಾರಣವಿರಬಹುದು. ಬೋರ್ಡ್ ಮತ್ತೆ ಪೊನ್ನಂಪೇಟೆಗೆ ಹೋಯಿತು.

ವಾಕ್ ದಿನ ಬಿಸಿಲು ಚೆನ್ನಾಗಿತ್ತು. ನಾವು ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದಿದ್ದರು. ಪಕ್ಕದ ತೋಟಗಳವರು, ಶಾಲೆಯ ಹುಡುಗಿಯರು, ಅಂಗಡಿಯವರು, ಒಬ್ಬಿಬ್ಬರು ರಿಟೈರ್ಡ್ ಮಿಲಿಟರಿಯವರು. ಕಂದಕದ ಬಳಿ ನಾನು ಬರೆದ ಕಾಗದವನ್ನು ಮಡಿಚಿ ಪರ್ಸಿಗೆ ಹಾಕಿದೆ. ನಮ್ಮ ಕಾನ್ವೆಂಟಿನಲ್ಲಿ ತಪ್ಪು ಉತ್ತರ ಹೇಳಿದವಳು ಕ್ಲಾಸಿನ ಮುಂದೆ ಬಂದು, ಕೈಗಳನ್ನು ಹಿಂದೆ ಕಟ್ಟಿ, "ಐ ವಾಸ್ ಮಿಸ್ಟೇಕನ್, ಸಿಸ್ಟರ್" ಎಂದು ಹೇಳಿ ಆಮೇಲೆ ಸರಿ ಉತ್ತರ ಹೇಳಬೇಕಿತ್ತು. ಕೈಗಳು ತಾವೇ ಹಿಂದೆ ಹೋದವು. ಇದು ಕಡಂಗವಲ್ಲ, ನಾನು ಇಷ್ಟು ವರ್ಷ ಹೇಳಿದ್ದು ತಪ್ಪು ಎಂದೆ. ಗುಂಪಿನಲ್ಲಿ ಯಾರೋ ನಕ್ಕರು. ಇದೇ ಕಥೆಯನ್ನು ನನ್ನಿಂದ ಮೂರು ಸಲ ಕೇಳಿದ್ದ ನೆರೆಮನೆಯ ಮೇಜರ್, ಹಾಗಾದರೆ ಕುದುರೆಗಳು ಎಲ್ಲಿ ಹೋದವು ಎಂದು ಕೇಳಿದರು. ಕುದುರೆಗಳನ್ನು ವಾಪಸು ಕಳಿಸಿದ್ದೇನೆ ಎಂದೆ. ಎಲ್ಲರೂ ನಗುತ್ತಿರುವಾಗಲೇ, ಸರಿ ಉತ್ತರ ಇವರು ಹೇಳುತ್ತಾರೆ ಎಂದು ಅವಳನ್ನು ಮುಂದೆ ಕರೆದೆ.

ಅವಳು ಮದುವೆ ಮನೆಗೆ ಉಡುವ ಸೀರೆ ಉಟ್ಟು ಬಂದಿದ್ದಳು. ಮೊದಲು ಜನರಿಗೆ ಬೆನ್ನು ಹಾಕಿ ಕಂದಕದ ಕಡೆಗೇ ನೋಡುತ್ತಾ ನಿಂತಳು. ಟೀಚರ್ ಮೆಲ್ಲಗೆ, ಎಷ್ಟು ಆಳ ತೋಡಿದಿರಿ ಅಜ್ಜಿ ಎಂದು ಕೇಳಿದಳು. ಆ ಪ್ರಶ್ನೆ ಸಾಕಾಯಿತು. ಅಳತೆಗೋಲು ಅವರ ಬಳಿ ಇರಲಿಲ್ಲವಂತೆ. ಗಂಡ ಒಳಗೆ ನಿಂತು ಕೈ ಎತ್ತುತ್ತಿದ್ದ, ಇವಳು ಮೇಲಿನಿಂದ ನೋಡುತ್ತಿದ್ದಳು. ಬೆರಳಿನ ತುದಿ ಮಾತ್ರ ಕಂಡರೆ ಆ ದಿನದ ಕೆಲಸ ಸರಿ. ಅಂಗೈ ಕಂಡರೆ ಇನ್ನೂ ಅಗೆಯಬೇಕು. ಎಷ್ಟೋ ಸಲ ದಣಿದ ಗಂಡ ಮೊಣಕಾಲು ಬಗ್ಗಿಸಿ ಮೋಸ ಮಾಡುತ್ತಿದ್ದನಂತೆ. "ನಂಗೆ ಗೊತ್ತಾಗ್ತಿತ್ತು. ಆದ್ರೂ ಆಯ್ತು ಬನ್ನಿ ಮೇಲಕ್ಕೆ ಅಂತಿದ್ದೆ" ಎಂದು ಅವಳು ಹೇಳಿದಾಗ ಹೆಂಗಸರೆಲ್ಲ ನಕ್ಕರು. ಮಾರನೆಯ ದಿನ ಬೆಳಿಗ್ಗೆ ಅವನು ಬೇಗ ಬಂದು, ಯಾರೂ ಹೇಳದೆ, ಬಾಕಿ ಇದ್ದಷ್ಟನ್ನು ಅಗೆದುಬಿಡುತ್ತಿದ್ದನಂತೆ. ಅದಕ್ಕೆ ಯಾರೂ ನಗಲಿಲ್ಲ.

ಶಾಲೆಯ ಹುಡುಗಿಯರು ಕಂದಕಕ್ಕೆ ಇಳಿದು ಕೈ ಎತ್ತಿ ನಿಂತರು. ಮಣ್ಣು ಕುಸಿದು ಎಷ್ಟೋ ತುಂಬಿಹೋಗಿದ್ದರಿಂದ ಉದ್ದದ ಹುಡುಗಿಯ ತಲೆಯೇ ಮೇಲೆ ಕಾಣುತ್ತಿತ್ತು. ಅಷ್ಟರಲ್ಲಿ ಮೇಜರ್ ಡಬ್ಬದ ಸದ್ದು ತಮಗೂ ನೆನಪಿದೆ ಎಂದರು. ಇನ್ನೊಬ್ಬರು ತಮ್ಮ ತೋಟದ ಬಾವಿಯನ್ನು ತೋಡಿದವರು ಯಾರೆಂದು ತಮಗೆ ಗೊತ್ತೇ ಇಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಟೀಚರ್ ಕಡುಬು ಕೈಯಲ್ಲೇ ಹಿಡಿದು ಅದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಈಗ ಅವಳ ಹುಡುಗಿಯರು ಭಾನುವಾರಗಳಲ್ಲಿ ಲೈನ್‌ಗಳಿಗೆ ಹೋಗಿ, ಈ ರೋಡ್ ಯಾರು ಮಾಡಿದ್ದು, ಈ ಕೆರೆ ಯಾರು ಕಟ್ಟಿದ್ದು ಎಂದು ಕೇಳುತ್ತಾರೆ. ಮುಂದಿನ ವರ್ಷದ ವಾಕ್‌ಗೆ ಆಗಲೇ ಐದು ಸ್ಟಾಪ್ ಸಿಕ್ಕಿವೆ. ನಮ್ಮ ಮಂಡಿಗಳ ಗತಿ ದೇವರೇ ಬಲ್ಲ.

ಹೊಸ ಬೋರ್ಡಿನಲ್ಲಿ, ಅವಳು ಬೇಡವೆಂದರೂ, ಗಂಡ ಹೆಂಡತಿ ಇಬ್ಬರ ಹೆಸರನ್ನೂ ಬರೆಸಿದ್ದೇವೆ. ಇಲ್ಲಿ ಹೇಳುವುದಿಲ್ಲ. ಓದಬೇಕಾದವರು ನಡೆದು ಬನ್ನಿ.

ಅವಳು ಹೊರಟ ದಿನ ನಾನು ಹುದಿಕೇರಿಯಲ್ಲಿ ಬಸ್ಸು ಬರುವವರೆಗೂ ಜೊತೆಗಿದ್ದೆ. ಕರೆದೊಯ್ಯಲು ಬಂದಿದ್ದ ಅವಳ ಮಗಳು, ಮೊಮ್ಮಗಳು ಚೀಲಗಳನ್ನು ಒಳಗಿಟ್ಟರು. ನಾನು ಏನಾದರೂ ಸರಿಯಾದ ಮಾತು ಹೇಳಬೇಕೆಂದು ಹುಡುಕುತ್ತಿದ್ದೆ. ಅವಳು ಕಿಟಕಿಯಿಂದ ಬಗ್ಗಿ, ಮೊಮ್ಮಗಳು ಬೋರ್ಡನ್ನು ಪೂರಾ ಓದಿ ಹೇಳಿದಳು ಎಂದಳು.

"ಒಂದಾಳು ಆಳ ಅಂತ ಬರ್ಸಿದ್ದೀರಂತೆ. ತಪ್ಪು ಅಮ್ಮಾವ್ರೆ. ಒಂದಾಳು, ಮೇಲೊಂದು ಮೊಳ."

ಸರಿ ಮಾಡಿಸುತ್ತೇನೆ ಎಂದೆ. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಬಸ್ಸು ಹೊರಟಿತು. ಅವಳು ಕಿಟಕಿಯ ಕಂಬಿಗೆ ಮೊಣಕೈ ಊರಿ, ಬೆರಳುಗಳನ್ನು ನೆಟ್ಟಗೆ ಮೇಲೆತ್ತಿ, ಮೊಳ ಎಂದರೆ ಎಷ್ಟು ಎಂದು ನನಗೆ ತೋರಿಸುತ್ತಲೇ ಇದ್ದಳು, ತಿರುವಿನವರೆಗೂ.