ಮೇಕ್‌ಫೈಲಿನ ಕೊನೆಯ ಸಾಲು

ಕಳೆದ ವರ್ಷ ಆಷಾಢದ ಮಾತು. ಮಗಳು ಹೈಸ್ಕೂಲಿಗೆ ಬಂದಮೇಲೆ, ಒಂಬತ್ತು ವರ್ಷ ಬಿಟ್ಟು ನಾನು ಮತ್ತೆ ಕೆಲಸಕ್ಕೆ ಸೇರಿದ್ದೆ. ಇಂದಿರಾನಗರದಲ್ಲಿ ಆಸ್ಪತ್ರೆಗಳಿಗೆ ಟೋಕನ್ ಯಂತ್ರ ಮಾಡಿಕೊಡುವ ಸಣ್ಣ ಕಂಪನಿ. ಪ್ರೊಬೇಷನ್ ಮುಗಿಯಲು ಒಂದು ವಾರವಿತ್ತು. ಅಷ್ಟರಲ್ಲಿ ಯಂತ್ರ ದಿನಕ್ಕೆರಡು ಸಲ ಕೈಕೊಡತೊಡಗಿತು.

ಕ್ರ್ಯಾಶ್ ವರದಿಯಲ್ಲಿ ಕಾಣುತ್ತಿದ್ದದ್ದು ಯಂತ್ರದ ಪ್ರೋಗ್ರಾಮಿನಲ್ಲಿ ನಾನು ಬರೆದ ತುಣುಕಿನ, ಅಂದರೆ ಫಂಕ್ಷನ್ನಿನ, ಹೆಸರು ಮಾತ್ರ. ಅದರ ಮುಂದೆ, ಆಪರೇಟಿಂಗ್ ಸಿಸ್ಟಮ್ಮಿನ ಸಿದ್ಧ ಕೋಡಿನ ಕಂತೆಯಾದ ಲೈಬ್ರರಿಯೊಳಗೆ ಏನಾಯಿತು ಎಂಬಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಕಂಡವರ ಮೇಲೆ ತಾನೆ ಅಪವಾದ? ನಮ್ಮ ಟೀಮ್ ಲೀಡ್, ಹಲಸೂರಿನ ಸೆಲ್ವಂ ಸಾರ್, ಗುರುವಾರದೊಳಗೆ ಸರಿಪಡಿಸದಿದ್ದರೆ ಕೆಲಸ ಕಾಯಂ ಆಗುವುದು ಕಷ್ಟ ಎಂದರು. ನನಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು.

ಲೈಬ್ರರಿಯನ್ನು ಡಿಬಗ್ ಸಿಂಬಲ್ ಸಮೇತ ಮತ್ತೆ ಕಟ್ಟಿದರೆ ಒಳಗಿನ ಹೆಸರು, ಸಾಲಿನ ಸಂಖ್ಯೆ ಎಲ್ಲ ಕಾಣುತ್ತದೆ. ಆದರೆ ಅದನ್ನು ಕಟ್ಟುವ ಕ್ರಮ ಬರೆದಿಟ್ಟ ಕಡತ, ಅಂದರೆ ಮೇಕ್‌ಫೈಲನ್ನು ನಮ್ಮಲ್ಲಿ ಯಾರೂ ತೆರೆಯುತ್ತಿರಲಿಲ್ಲ. ಕೆಲಸ ಬಿಟ್ಟುಹೋದ ಯಾರೋ ಹಿರಿಯರು ಬರೆದದ್ದು, ಮೇಲ್ಗಡೆ ‘ಮುಟ್ಟಬೇಡಿ’ ಎಂದು ಬೇರೆ ಇತ್ತು. ಎಲ್ಲರೂ ದೂರದಿಂದಲೇ ಕೈಮುಗಿಯುತ್ತಿದ್ದರು. ನಾನು ಮುಟ್ಟಿದೆ. ಸಿಂಬಲ್ ಸೇರಿಸುವ ‘ಮೈನಸ್ ಜಿ’ ಎಂಬ ಸೂಚನೆ ಹಾಕಿ, ಹಳೆಯದನ್ನೆಲ್ಲ ಅಳಿಸಿ ಮೊದಲಿಂದ ಕಟ್ಟಿದೆ. ಮತ್ತೆ ಅದೇ ಪ್ರಶ್ನಾರ್ಥಕ ಚಿಹ್ನೆಗಳು. ಎರಡು ದಿನ ಹೀಗೇ ಹೋಯಿತು.

ಬುಧವಾರ ಮಧ್ಯಾಹ್ನ ಊಟ ಬಿಟ್ಟು ಕೂತು ಮೇಕ್‌ಫೈಲನ್ನು ಕೊನೆಯವರೆಗೂ ಓದಿದೆ. ಲೈಬ್ರರಿಯನ್ನು ಯಂತ್ರಕ್ಕೆ ಕಳಿಸುವ ಕಟ್ಟಕಡೆಯ ಸಾಲಿನಲ್ಲಿ ‘ಸ್ಟ್ರಿಪ್’ ಎಂಬ ಆಜ್ಞೆ ಕೂತಿತ್ತು. ಹಳೆಯ ಯಂತ್ರಗಳಲ್ಲಿ ಜಾಗ ಕಡಿಮೆಯೆಂದು ಸಿಂಬಲ್‌ಗಳನ್ನೆಲ್ಲ ಅಲ್ಲೇ ಕಿತ್ತುಹಾಕುತ್ತಿದ್ದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಆ ಸಾಲು ತೆಗೆದು ಮತ್ತೆ ಕಟ್ಟಿದೆ.

ನಾಲ್ಕು ಗಂಟೆಗೆ ಯಂತ್ರ ಕ್ರ್ಯಾಶ್ ಆಯಿತು. ಅದು ಕೆಡಲಿ ಎಂದು ಜನ್ಮದಲ್ಲಿ ನಾನು ಬೇಡಿಕೊಂಡದ್ದು ಅದೊಂದೇ ಸಲ. ಈಗ ಎಲ್ಲ ಸ್ಪಷ್ಟ. ನನ್ನ ಫಂಕ್ಷನ್ ಕೊಟ್ಟದ್ದು ಸರಿಯಾಗೇ ಇತ್ತು. ರೋಗಿಗಳ ಹೆಸರು ಕನ್ನಡದಲ್ಲಿ ಬರಲೆಂದು ನಮ್ಮವರೇ ಲೈಬ್ರರಿಗೆ ಸೇರಿಸಿದ್ದ ಭಾಗದಲ್ಲಿ, ಕನ್ನಡ ಅಕ್ಷರಕ್ಕೂ ಇಂಗ್ಲಿಷಿನಷ್ಟೇ ಜಾಗ ಸಾಕೆಂದುಕೊಂಡಿದ್ದರು. ಉದ್ದದ ಹೆಸರಿನವರು ಟೋಕನ್ ತೆಗೆದುಕೊಂಡರೆ ಯಂತ್ರದ ಕಥೆ ಮುಗಿಯಿತು.

ಸೆಲ್ವಂ ಸಾರ್ ಪರದೆಯ ಮೇಲಿನ ಸಾಲನ್ನು ಬೆರಳಿಟ್ಟು ಓದಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, “ಈ ಕನ್ನಡದ ಭಾಗ ನಾನೇ ಹಾಕಿದ್ ಪ್ಯಾಚ್ ರೀ. ಸುಮ್ನೆ ನಿಮ್ ಮೇಲೆ ಹಾಕ್ಬಿಟ್ಟೆ, ಸಾರಿ,” ಎಂದರು.

“ಪರವಾಗಿಲ್ಲ ಸಾರ್. ಹಾಗೇ ನನ್ ಕನ್ಫರ್ಮೇಷನ್ ಲೆಟರ್‌ಗೂ ಸೈನ್ ಹಾಕ್ಬಿಡಿ,” ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಅವರು ನಕ್ಕು, ಅಂದೇ ಅಕ್ಷರದ ಜಾಗ ಹೆಚ್ಚಿಸಿ ಪ್ಯಾಚ್ ಸರಿಪಡಿಸಿದರು, ಮರುದಿನವೇ ಸಹಿ ಹಾಕಿದರು.

ಸಹಿಯಾದ ಸಂಜೆ ಮನೆಗೆಂದು ಕೆ.ಆರ್. ಪುರದವರೆಗೆ ಮೆಟ್ರೊದಲ್ಲಿ ನಿಂತೇ ಹೋದೆ, ಕಾಲು ನೋಯಲಿಲ್ಲ. ಈಗ ಆ ಮೇಕ್‌ಫೈಲ್ ನನ್ನ ಸುಪರ್ದಿಯಲ್ಲಿದೆ. ಯಾರಾದರೂ ಹೊಸಬರ ಕಡೆ ಬೆರಳು ತೋರಿಸಿದರೆ, ಮೊದಲು ಸಿಂಬಲ್ ಹಾಕಿ ಕಟ್ಟಿ, ಆಮೇಲೆ ಮಾತಾಡಿ ಎನ್ನುತ್ತೇನೆ. ಹಾಗೆನ್ನುವಾಗ ನನಗೆ ಬಹಳ ಖುಷಿಯಾಗುತ್ತದೆ, ಅದನ್ನು ಮುಚ್ಚಿಡುವುದೂ ಇಲ್ಲ.