ಆನೆ ಕಾಯುತ್ತಿದ್ದ ಧರ್ಮಣ್ಣನ ಫೋಟೋಗಳು

ಧರ್ಮಣ್ಣನನ್ನು ನಾನು ಮೊದಲ ಸಲ ನೋಡಿದಾಗ ಅವರು ರಸ್ತೆಯಂಚಿನ ಹುಲ್ಲಿನಲ್ಲಿ ಬೋರಲಾಗಿ ಮಲಗಿದ್ದರು. ಬೆಳಿಗ್ಗೆ ಒಂಬತ್ತರ ಹೊತ್ತು. ಮಗ್ಗೆ ಕಡೆಯ ಶಾಲೆಗೆ ವರ್ಗವಾಗಿ ಬಂದು ವಾರವೂ ಆಗಿರಲಿಲ್ಲ. ಆಲೂರಿನಿಂದ ಸ್ಕೂಟರಿನಲ್ಲಿ ಹೊರಟಿದ್ದೆ. ಖಾಕಿ ಪ್ಯಾಂಟು, ಆರಡಿ ಉದ್ದದ ಮೈ, ಪಕ್ಕದಲ್ಲಿ ಉರುಳಿದ ಟಾರ್ಚು. ಆನೆ ತುಳಿದಿರಬೇಕೆಂದುಕೊಂಡೆ. ಸ್ಕೂಟರ್ ನಿಲ್ಲಿಸಿ, “ಯಜಮಾನ್ರೇ...” ಎಂದು ಕೂಗಿದೆ.

“ಅಲ್ಲೇ ನಿಂತ್ಕಳಿ ಮೇಡಂ. ನೆರಳು ಬಿದ್ರೆ ಇದು ಓಡೋಯ್ತದೆ,” ಎಂದಿತು ಆ ದೇಹ, ತಲೆಯೆತ್ತದೆ.

ಆಮೇಲೆ ಎದ್ದು ಕೂತು, ಗಾಜು ಬಿರುಕುಬಿಟ್ಟಿದ್ದ ಮೊಬೈಲನ್ನು ನನ್ನತ್ತ ತಿರುಗಿಸಿದರು. ಹಂಡೆಯಷ್ಟು ದೊಡ್ಡ ನೀರಿನ ಗೋಳಕ್ಕೆ ಬಾಯಿಟ್ಟು ಯಾವುದೋ ಪ್ರಾಣಿ ನಿಂತಿತ್ತು. ಮೈತುಂಬ ರೋಮ, ಕಪ್ಪು ಕಣ್ಣು. ಅದು ಇಬ್ಬನಿ ಕುಡಿಯುತ್ತಿದ್ದ ಇರುವೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಅವರದು ಆನೆ ಕಾಯುವ ಕೆಲಸ. ಕಾಡಾನೆಗಳು ಯಾವ ತೋಟದಲ್ಲಿವೆ, ಯಾವ ಗದ್ದೆ ಕಡೆ ಹೊರಟಿವೆ ಎಂದು ಹಿಂಬಾಲಿಸಿ ನೋಡಿ, ಊರಿನವರ ಮೊಬೈಲಿಗೆ ಸುದ್ದಿ ಮುಟ್ಟಿಸುವ ತಂಡದಲ್ಲಿದ್ದರು. “ಆನೆ ಕಾಯೋದು ಅಂದ್ರೆ ಮುಕ್ಕಾಲು ಪಾಲು ಸುಮ್ಕೆ ಕೂರೋದು ಕಣ್ರೀ. ಸುಮ್ಕೆ ಕೂತ್ರೆ ಕಣ್ಣು ನೆಲಕ್ಕೆ ಹೋಯ್ತದೆ. ನೆಲದಲ್ಲಿ ಇವು ಇರ್ತವೆ,” ಎನ್ನುತ್ತಿದ್ದರು. ಕೆಟ್ಟುಹೋದ ಡಿವಿಡಿ ಪ್ಲೇಯರಿನ ಒಳಗಿಂದ ಕಡಲೆಕಾಳಿಗಿಂತ ಚಿಕ್ಕದೊಂದು ಲೆನ್ಸ್ ಬಿಚ್ಚಿ, ಮೊಬೈಲಿನ ಕ್ಯಾಮೆರಾದ ಮೇಲೆ ಗಮ್ ಟೇಪಿನಿಂದ ಅಂಟಿಸಿದ್ದರು. ಅಷ್ಟೇ ಅವರ ಸಾಮಾನು. ಫೋಟೋ ತೆಗೆಯಬೇಕಾದರೆ ಆ ಜೀವಕ್ಕೆ ಬೆರಳಗಲ ಹತ್ತಿರ ಹೋಗಬೇಕು, ಉಸಿರು ಬಿಗಿಹಿಡಿಯಬೇಕು. ಪ್ರತಿಯೊಂದನ್ನೂ ಎರಡು ಸಲ ತೆಗೆಯುತ್ತಿದ್ದರು. ಎರಡನೆಯದರಲ್ಲಿ ಪಕ್ಕಕ್ಕೊಂದು ಬೆಂಕಿಕಡ್ಡಿ. ಅಳತೆ ಗೊತ್ತಾಗದಿದ್ದರೆ ಜನ ಸುಳ್ಳು ಅಂತಾರೆ ಎಂಬುದು ಅವರ ಲೆಕ್ಕಾಚಾರ.

ಆನೆಯ ಫೋಟೋ ಮಾತ್ರ ಒಂದೂ ತೆಗೆದವರಲ್ಲ. ಗದ್ದೆಯಲ್ಲಿ ಆನೆ ನಿಂತರೆ ಊರಿಗೆ ಊರೇ ಮೊಬೈಲು ಎತ್ತಿಕೊಂಡು ಬರುತ್ತಿತ್ತು. ಧರ್ಮಣ್ಣ ದೊಣ್ಣೆ ಬೀಸುತ್ತಾ ಅವರ ಕಡೆಗೇ ಓಡುತ್ತಿದ್ದರು. “ಅದೇನ್ ಮದುವೆ ಹೆಣ್ಣೇನ್ರೋ, ಫೋಟೋ ಹಿಡಿಯಾಕೆ? ನಡೀರಿ ಮನೇಗೆ!”

ಒಮ್ಮೆ ಆನೆಯ ಬಗ್ಗೆ ಎಚ್ಚರಿಕೆ ಹೇಳಲೆಂದು ಅವರನ್ನು ಶಾಲೆಗೆ ಕರೆಸಿದ್ದೆವು. ಒಂದೇ ಕೋಣೆಯಲ್ಲಿ ಮೂವತ್ತು ಮಕ್ಕಳು. ಮಾತು ಶುರುಮಾಡುವ ಬದಲು ಮೊಬೈಲನ್ನು ನಮ್ಮ ಶಾಲೆಯ ಟಿವಿಗೆ ಜೋಡಿಸಲು ಹೇಳಿದರು. ಪರದೆ ತುಂಬ ಒಂದು ಕಂದು ಬೆಟ್ಟ, ಮೈಮೇಲೆ ಗುಳಿಗಳು, ಮುಂದೆ ಬಾಗಿದ ಸೊಂಡಿಲು. “ಆನೆ!” ಎಂದು ಸೂರು ಹಾರಿಹೋಗುವಂತೆ ಕೂಗಿದವು ಮಕ್ಕಳು.

“ನಮ್ಮನೆ ಅಕ್ಕಿ ಡಬ್ಬಿದು,” ಎಂದರು ಧರ್ಮಣ್ಣ. ಬೆಂಕಿಕಡ್ಡಿ ಇಟ್ಟ ಫೋಟೋ ಬಂತು. ಅಕ್ಕಿಹುಳ! ಮಕ್ಕಳು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ನಗು ತಗ್ಗಿದ ಮೇಲೆ ಅವರು ಮೆಲ್ಲಗೆ ಹೇಳಿದರು: “ಇದ್ರ ಹತ್ರ ಎಷ್ಟು ಬೇಕಾದ್ರೂ ಹೋಗ್ರಪ್ಪ. ಅದ್ರ ಹತ್ರ ಹೋಗ್ಬೇಡಿ.” ಎಚ್ಚರಿಕೆಯ ಭಾಷಣ ಅಷ್ಟೇ.

ಎರಡು ವರ್ಷದ ಹಿಂದೆ, ಕಾಫಿ ಕೊಯ್ಲು ನಡೆಯುತ್ತಿದ್ದ ಒಂದು ಸಂಜೆ. ನಮ್ಮ ಶಾಲೆಯ ಒಂಬತ್ತು ಮಕ್ಕಳ ಮನೆಗಳು ಪಕ್ಕದ ಎಸ್ಟೇಟಿನ ಕೂಲಿಯವರ ಲೈನಿನಲ್ಲಿದ್ದವು. ಆನೆ ಓಡಾಟವಿದ್ದ ದಿನಗಳಲ್ಲಿ ನಾನೇ ಅವರನ್ನು ಬಿಟ್ಟುಬರುತ್ತಿದ್ದೆ. ಆ ದಿನ ಆನೆಗಳ ಗುಂಪು ಹಳ್ಳದಾಚೆ ಇದೆಯೆಂದು ಮೊಬೈಲಿಗೆ ಸುದ್ದಿ ಬಂದಿತ್ತು. ನಿಶ್ಚಿಂತೆಯಾಗಿ ನಡೆದೆವು. ಎಸ್ಟೇಟಿನ ಗೇಟು ದಾಟಿದರೆ, ದಾರಿಯ ನಡುವೆ ಧರ್ಮಣ್ಣ ಕುಕ್ಕರುಗಾಲಲ್ಲಿ ಕೂತಿದ್ದರು. ಮುಂದೆ ಮೊರದಗಲದ ಹೆಜ್ಜೆಗುರುತು.

“ಬೆಳಿಗ್ಗೆದಾ?” ಎಂದೆ.

“ನಾನೂ ಹಂಗೇ ಅನ್ಕಂಡಿದ್ದೆ,” ಎಂದವರ ದನಿ ತಗ್ಗಿತ್ತು. “ಇಲ್ಲಿ ನೋಡಿ.” ಇರುವೆಗಳ ಸಾಲೊಂದು ಹೆಜ್ಜೆಯ ಅಂಚಿನವರೆಗೆ ಬಂದು ಗುಂಪುಗಟ್ಟಿತ್ತು. ಆಚೆ ದಡದ ಇರುವೆಗಳು ದಿಕ್ಕು ತೋಚದೆ ಸುತ್ತುತ್ತಿದ್ದವು. “ಸಾಲು ಕಡಿದೈತೆ, ಇನ್ನೂ ಕೂಡ್ಕಂಡಿಲ್ಲ. ಕಾಲು ಗಂಟೆ ಸಿಕ್ರೆ ಸಾಕು, ಇವು ಸರಿ ಮಾಡ್ಕತವೆ. ಈಗ ತಾನೇ ದಾಟೈತೆ ಮೇಡಂ. ಗುಂಪಿಂದಲ್ಲ, ಒಂಟಿ. ಮಕ್ಳನ್ನ ಸ್ಟೋರಿಗೆ ಸೇರಿಸ್ಬುಡಿ. ಸದ್ದು ಬ್ಯಾಡ.”

ಕಾಫಿ ಮೂಟೆ ಇಡುವ ಸ್ಟೋರು ನೂರು ಹೆಜ್ಜೆ ದೂರದಲ್ಲಿತ್ತು. ಮಕ್ಕಳ ಕೈಹಿಡಿದು ಹೊರಟೆ. ಧರ್ಮಣ್ಣ ನಮ್ಮ ಜೊತೆ ಬರಲಿಲ್ಲ. ಕೊಯ್ಲು ಮುಗಿಸಿ ಹೆಂಗಸರು ಬರುವ ಹೊತ್ತಾಗಿತ್ತು, ಅವರನ್ನು ತಡೆಯಲು ತೋಟದೊಳಗೆ ಓಡಿದರು. ನಾವು ಒಳಹೊಕ್ಕ ಕೂಡಲೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಾಗಿಲು ಎಳೆದು ಅಗಳಿ ಹಾಕಿದರು. ಸ್ವಲ್ಪ ಹೊತ್ತಿಗೆ ಹೊರಗೆ ಕೊಂಬೆ ಮುರಿದ ಸದ್ದು. ಕಾಫಿ ಒಣಗಿಸುವ ಕಣದ ಮೇಲೆ ಏನೋ ನಡೆದುಬಂತು. ಬಾಗಿಲ ಸಂದಿಗೆ ಕಣ್ಣಿಟ್ಟಿದ್ದ ಎರಡನೇ ಕ್ಲಾಸಿನ ಹುಡುಗಿ ನನ್ನ ಸೆರಗು ಜಗ್ಗಿ ಪಿಸುಗುಟ್ಟಿದಳು: “ಮಿಸ್, ಬರೀ ಉಗುರು ಕಾಣ್ತೈತೆ.”

ನಾನು ಅವಳನ್ನು ಹಿಂದಕ್ಕೆಳೆದು ಬಾಯಿಗೆ ಕೈ ಅಡ್ಡ ಹಿಡಿದೆ. ಅವಳ ಉಸಿರು ನನ್ನ ಅಂಗೈಗೆ ಬಿಸಿಯಾಗಿ ತಾಗುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಗೊತ್ತಿಲ್ಲ. ಅದು ಹೋಯಿತು.

ಹೆಂಗಸರೂ ಬದುಕಿದರು. ಅವರನ್ನು ಹಿಂದಕ್ಕೆ ಕಳಿಸಿ ಓಡಿಬರುವಾಗ ಧರ್ಮಣ್ಣ ಮಾತ್ರ ಕಾಫಿಗಿಡದ ಸಾಲಿನ ಗುಂಡಿಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಸ್ಪತ್ರೆಗೆ ನೋಡಲು ಹೋದಾಗ ನಾಚಿಕೊಂಡರು. “ಆನೆ ಮುಟ್ಲೇ ಇಲ್ಲ ಮೇಡಂ. ಗುಂಡಿ ನೋಡ್ದೆ ಬಿದ್ದೆ. ಮರ್ವಾದೆ ಹೋಗ್ಬುಡ್ತು.”

ಓಡಲಾಗದವರು ಆನೆ ಕಾಯುವಂತಿಲ್ಲ. ಹೆಂಡತಿ ಹಿಂದೆಯೇ ತೀರಿಕೊಂಡಿದ್ದರು. ಮಗಳು ಸವಿತ ಸಕಲೇಶಪುರದ ತನ್ನ ಮನೆಗೆ ಕರೆದುಕೊಂಡು ಹೋದಳು. ಹೊಳೆ ಕಡೆಯ ಬೀದಿಯಲ್ಲಿ ಎರಡು ಕೋಣೆ, ಹಿಂದೆ ನಾಲ್ಕು ಹೆಜ್ಜೆಯ ಸಿಮೆಂಟು ಅಂಗಳ. ಕೊನೆಯ ಸಲ ನಾನು ಹೋದಾಗ ಕುರ್ಚಿಯನ್ನು ಬಟ್ಟೆ ಒಗೆಯುವ ಕಲ್ಲಿಗೆ ಒತ್ತಿ ಕೂತಿದ್ದರು. ಕಲ್ಲಿನ ಬುಡದ ಪಾಚಿಯ ಫೋಟೋ ತೋರಿಸಿದರು. ಘಟ್ಟದ ಮೇಲಿಂದ ನೋಡಿದ ಕಾಡಿನ ಹಾಗಿತ್ತು.

“ಎಡಕುಮೇರಿ ಕಾಡು ಅಂದ್ರೂ ನಂಬ್ತೀರಿ ಅಲ್ವಾ?” ಎಂದರು. ಆಮೇಲೆ, “ಎಸ್ಟೇಟ್ ಗೇಟಿನ ಹತ್ರ ಈಗ ಯಾರು ನಿಲ್ತಾರೆ?” ಎಂದು ಕೇಳಿದರು.

“ಇಬ್ಬರು ಹೊಸಬರು ಬಂದಿದಾರೆ. ಚುರುಕಾಗಿದಾರೆ.”

“ನೆಲ ನೋಡ್ತಾರಾ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಅವರು ತಲೆಯಾಡಿಸಿ ಮೊಬೈಲನ್ನು ಅಂಗಿಯ ಅಂಚಿನಿಂದ ಒರೆಸತೊಡಗಿದರು.

ಈ ವರ್ಷ ಕಾಫಿ ಹೂವಾದ ವಾರ ಸವಿತಳ ಫೋನು ಬಂತು. ಅಪ್ಪ ನಿದ್ದೆಯಲ್ಲೇ ಹೋಗಿದ್ದರು. ತಿಥಿಗೆ ಗೋಡೆಗೆ ಹಾಕಲು ಒಂದು ಫೋಟೋ ಬೇಕಾಗಿತ್ತು. ಇಬ್ಬರೂ ಕೂತು ಅವರ ಮೊಬೈಲನ್ನು ಪೂರ್ತಿ ಜಾಲಾಡಿದೆವು. ಮಿಡತೆಯ ಮಂಡಿ, ಜೇಡನ ಮೊಟ್ಟೆ, ಅಣಬೆಯ ಅಡಿ ನಿಂತ ನೊಣ, ಬೀಜ, ರೆಕ್ಕೆ, ಹನಿ. ಮನುಷ್ಯರ ಮುಖ ಒಂದೂ ಇರಲಿಲ್ಲ. ಕೊನೆಗೆ ಕೆಲಸದ ಗುರುತಿನ ಚೀಟಿಯಲ್ಲಿ ಅಂಚೆಚೀಟಿಯಷ್ಟು ಚಿಕ್ಕದೊಂದು ಸಿಕ್ಕಿತು. ಸ್ಟುಡಿಯೋದವನು, “ಇಷ್ಟು ಸಣ್ಣದನ್ನ ಅಷ್ಟು ದೊಡ್ಡದು ಮಾಡಿದ್ರೆ ಒಡೆದೋಗ್ತದಕ್ಕ,” ಎಂದು ಮೊದಲೇ ಹೇಳಿದ್ದ. ಹಾಗೇ ಆಯಿತು. ಹತ್ತಿರ ನಿಂತರೆ ಕಣ್ಣು, ಮೂಗು, ಮೀಸೆ ಎಲ್ಲ ಬೂದು ಚೌಕಗಳು.

“ಬೇರೆ ಎಲ್ಲಾದರೂ ಹುಡುಕೋಣವಾ?” ಎಂದೆ.

ಸವಿತ ಗೋಡೆಯ ಫೋಟೋಗೆ ಹಾರ ಹಾಕಿ, ಹಿಂದಕ್ಕೆ ಹಿಂದಕ್ಕೆ ನಡೆದು ಬಾಗಿಲಿಗೆ ಬೆನ್ನು ತಾಗಿಸಿ ನಿಂತಳು.

“ಇಲ್ಲಿ ಬನ್ನಿ ಮೇಡಂ,” ಎಂದಳು. “ಇಲ್ಲಿಂದ ನೋಡಿದ್ರೆ ಅಪ್ಪನೇ.”

ನಾನೂ ಹೋಗಿ ಅವಳ ಪಕ್ಕ ನಿಂತೆ.