ಕೈಗೆ ಬಂದ ಕ್ಲಚ್ಚು

ಹುಲಿಹೈದರದ ಬಾಲಪ್ಪ ಸೈನ್ಯದಲ್ಲಿದ್ದಾಗ ನೆಲಬಾಂಬು ಸಿಡಿದು ಎಡಗಾಲು ಕಳೆದುಕೊಂಡಿದ್ದ. ಪ್ರತಿ ಡಿಸೆಂಬರಿನಲ್ಲಿ ಮಾಜಿ ಸೈನಿಕರ ಸನ್ಮಾನಕ್ಕೆಂದು ಅವನನ್ನು ಕರೆದು ಶಾಲು ಹೊದಿಸಿ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಅವನಿಗೋ ಕೂತು ಕೂತೇ ಸಾಕಾಗಿತ್ತು. ಹೊಲವನ್ನೆಲ್ಲ ಹೆಂಡತಿ ದುರುಗವ್ವನೇ ಆಳು ಹಚ್ಚಿ ನೋಡಿಕೊಳ್ಳುತ್ತಿದ್ದಳು.

ಈ ಸಲದ ಸನ್ಮಾನದಲ್ಲಿ ಗಂಗಾವತಿಯ ಕೊಟ್ರಪ್ಪ ಪಕ್ಕದಲ್ಲಿ ಕೂತಿದ್ದ. ಸೈನ್ಯದ ಗಾಡಿಗಳನ್ನು ರಿಪೇರಿ ಮಾಡಿ ನಿವೃತ್ತನಾಗಿ, ಈಗ ಗ್ಯಾರೇಜು ಇಟ್ಟವನು. "ಶಾಲು ಇರ್ಲಿ, ನಿನಗ ಏನು ಬೇಕು ಹೇಳು," ಎಂದ.

"ಟ್ರ್ಯಾಕ್ಟರ್ ಹೊಡೀಬೇಕ್ರಿ ಅಣ್ಣಾರ. ಮನ್ಯಾಗ ಐತಿ, ಕ್ಲಚ್ ತುಳಿಯಾಕ ಕಾಲಿಲ್ಲ."

ವರ್ಷದ ಕೊನೆಯ ದಿನ ಬೆಳಿಗ್ಗೆ ಕೊಟ್ರಪ್ಪ ಇನ್ನೂ ಕೆಲವು ಮಾಜಿ ಸೈನಿಕರನ್ನು ಕಟ್ಟಿಕೊಂಡು ಬಂದೇಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಕ್ಟರಿಗೆ ಕೈಯಿಂದ ಎಳೆಯುವ ಕ್ಲಚ್ಚು ಕೂತಿತು.

ತೊಗರಿ ಕೊಯ್ದ ಹೊಲದಲ್ಲಿ ಬಾಲಪ್ಪ ಸೀಟು ಹತ್ತಿದ. ಇಂಜಿನ್ನು ಎರಡು ಸಲ ಗಕ್ಕನೆ ನಿಂತಿತು.

"ಇಳೀರಿ, ನಾಳೆ ನೋಡಿದ್ರಾತು," ಎಂದಳು ದುರುಗವ್ವ.

"ಇವತ್ತ ಆಗಬೇಕು," ಎಂದು ಮತ್ತೆ ಚಾಲೂ ಮಾಡಿ, ಕ್ಲಚ್ಚನ್ನು ಮೆಲ್ಲಗೆ ಬಿಟ್ಟ. ಟ್ರ್ಯಾಕ್ಟರು ಹೊರಟಿತು. ನೇಗಿಲು ಕರಿಮಣ್ಣನ್ನು ಸೀಳುತ್ತ ಬದುವಿನವರೆಗೂ ಹೋಯಿತು. ಅಲ್ಲಿ ತಿರುಗಿಸಿದಾಗ ಗೆಳೆಯರು ಸಿಳ್ಳೆ ಹಾಕಿದರು. ಬಾಲಪ್ಪ ಗಂಟಲು ಬಿಚ್ಚಿ ಕೇಕೆ ಹಾಕಿ, ನಿಲ್ಲಿಸದೆ ಮುಂದಿನ ಸಾಲು ಹಿಡಿದ.

ಕೊಟ್ರಪ್ಪ ಊಟಕ್ಕೆ ಕೂಗಿದ. ದುರುಗವ್ವ ಕಣ್ಣೊರೆಸಿಕೊಂಡು ನಕ್ಕಳು: "ಹೊತ್ತು ಮುಣಗೂತನ ಅವರು ಇಳಿಯಂಗಿಲ್ರಿ. ನೀವು ಉಣ್ಣಾಕ ಬರ್ರಿ."